ಕಣ್ಣಿನಿಂದ ಕಿವಿಗೆ: ಓದು ಹತ್ತದ ಮಕ್ಕಳನ್ನು ಅರಿತ ದಾರಿ

1896ರಲ್ಲಿ ಇಂಗ್ಲೆಂಡಿನ ಸೀಫರ್ಡ್ ಎಂಬ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್, ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದರು. ಹುಡುಗ ಚುರುಕು, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲ, ದೊಡ್ಡ ಗುಣಾಕಾರಗಳನ್ನು ಸಲೀಸಾಗಿ ಮಾಡುತ್ತಿದ್ದ. ಏಳನೇ ವಯಸ್ಸಿನಿಂದ ಪಾಠ ಹೇಳಿಸಿದ್ದರೂ ಓದು ಮಾತ್ರ ಹತ್ತಲಿಲ್ಲ. ತನ್ನ ಹೆಸರನ್ನೇ 'ಪ್ರೆಸಿ' ಎಂದು ಬರೆದಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಶಾಲೆಗೆಲ್ಲ ಇವನೇ ಜಾಣ ಎಂದಿದ್ದರು ಅವನ ಮೇಷ್ಟ್ರು. ಇಂದಿಗೂ ನಮ್ಮ ತರಗತಿಗಳಲ್ಲಿ ಇಂಥ ಮಕ್ಕಳಿದ್ದಾರೆ. ಅವರ ಬಗ್ಗೆ ಅಷ್ಟು ಅಂತಃಕರಣದಿಂದ ಮಾತಾಡುವ ಮೇಷ್ಟ್ರು ಎಲ್ಲರಿಗೂ ಸಿಗುವುದಿಲ್ಲ.

ಓದಿನ ಇಂಥ ತೊಂದರೆಗೆ 'ಡಿಸ್ಲೆಕ್ಸಿಯಾ' ಎಂಬ ಹೆಸರನ್ನು ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ ಆಗಲೇ ಬಳಕೆಗೆ ತಂದಿದ್ದರು. ಗ್ಲಾಸ್ಗೋದಲ್ಲಿ ಇದನ್ನು ಅಧ್ಯಯನ ಮಾಡಿದ ಹಿನ್ಷೆಲ್‌ವುಡ್ ಕೂಡ ಕಣ್ಣಿನ ವೈದ್ಯರೇ. ಹೀಗಾಗಿ ತೊಂದರೆ ನೋಟಕ್ಕೆ ಸೇರಿದ್ದು ಎಂಬ ಭಾವನೆ ಬಹುಕಾಲ ಉಳಿಯಿತು. 1925ರಲ್ಲಿ ಅಮೆರಿಕದ ನರವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಮಿದುಳಿನ ಎಡ-ಬಲ ಭಾಗಗಳ ಹೊಂದಾಣಿಕೆಯ ಕಡೆ ಬೆರಳು ಮಾಡಿದರು. ಅವರ ವಿವರಣೆ ನಿಲ್ಲಲಿಲ್ಲ. ಆದರೆ ಅಕ್ಷರವನ್ನು ನೋಡುತ್ತ, ಉಚ್ಚರಿಸುತ್ತ, ಬೆರಳಿನಿಂದ ತಿದ್ದುತ್ತ ಕಲಿಯುವ ಕ್ರಮವನ್ನು ಶಿಕ್ಷಕಿ ಆ್ಯನಾ ಗಿಲ್ಲಿಂಗ್‌ಹ್ಯಾಮ್ ಜೊತೆಗೂಡಿ ಬೆಳೆಸಿದರಲ್ಲ, ಅದು ಇವತ್ತಿಗೂ ನಡೆದಿದೆ. 1963ರಲ್ಲಿ ಮನೋವಿಜ್ಞಾನಿ ಸ್ಯಾಮ್ಯುಯೆಲ್ ಕಿರ್ಕ್ ಷಿಕಾಗೋದ ಪೋಷಕರ ಸಭೆಯೊಂದರಲ್ಲಿ 'ಕಲಿಕಾ ನ್ಯೂನತೆ' ಎಂಬ ಮಾತನ್ನು ಮುಂದಿಟ್ಟರು. 1975ರಲ್ಲಿ ಅಮೆರಿಕದ ಕಾನೂನು ಅದನ್ನು ಒಪ್ಪಿಕೊಂಡಿತು.

ನಿಜವಾದ ತಿರುವು ಬಂದದ್ದು ಎಪ್ಪತ್ತರ ದಶಕದಲ್ಲಿ. ಮನೋವಿಜ್ಞಾನಿ ಇಸಾಬೆಲ್ ಲಿಬರ್ಮನ್ ಮೊದಲಾದವರು ಮಗುವಿನ ಕಣ್ಣನ್ನು ಬಿಟ್ಟು ಕಿವಿಯತ್ತ ಗಮನ ಹರಿಸಿದರು. ಆಡುವ ಮಾತನ್ನು ಬಿಡಿಬಿಡಿ ಧ್ವನಿಗಳಾಗಿ ಒಡೆದು ನೋಡುವುದು ಈ ಮಕ್ಕಳಿಗೆ ಕಷ್ಟ. ಧ್ವನಿ ಬಿಡಿಸಲಾಗದವರಿಗೆ ಅಕ್ಷರ ಕೂಡಿಸುವುದೂ ಕಷ್ಟ. ಆದರೂ ಬುದ್ಧಿಮತ್ತೆಗೂ ಓದಿಗೂ ಇಷ್ಟು ಅಂತರವಿದ್ದರೆ ಮಾತ್ರ ನ್ಯೂನತೆ ಎನ್ನುವ ಅಳತೆಗೋಲು ಬಹಳ ಕಾಲ ಉಳಿಯಿತು. ಆ ಅಂತರ ಎದ್ದು ಕಾಣುವಷ್ಟರಲ್ಲಿ ಮಗು ಬಹಳ ಹಿಂದೆ ಬಿದ್ದಿರುತ್ತಿತ್ತು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂ-5, 2013ರಲ್ಲಿ ಆ ಅಳತೆಗೋಲನ್ನು ಕೈಬಿಟ್ಟಿದ್ದು ಒಳ್ಳೆಯದೇ ಆಯಿತು.

ಈ ತಿಳಿವಳಿಕೆಯ ಬಹುಪಾಲು ಇಂಗ್ಲಿಷ್ ಓದುವ ಮಕ್ಕಳಿಂದ ಬಂದದ್ದು. ನಮ್ಮ ಲಿಪಿಯ ಸಂಗತಿ ಬೇರೆ. 'ಪ್ರೀತಿ' ಎಂಬ ಪದವನ್ನೇ ನೋಡಿ. ಸ್ವರದ ಗುರುತು ಪಕಾರಕ್ಕೆ ಹತ್ತಿದೆ, ಉಚ್ಚಾರ ಮಾತ್ರ ರಕಾರದ ಒತ್ತಿನ ನಂತರ. 'ಸೂರ್ಯ'ದಲ್ಲಿ ಮೊದಲು ಕೇಳುವ ರಕಾರ, ಅರ್ಕಾವೊತ್ತಾಗಿ ಯಕಾರದ ಆಚೆ ಕೂತಿದೆ. ಕಾಗುಣಿತ, ಒತ್ತಕ್ಷರ ಸೇರಿದರೆ ಕಲಿಯಬೇಕಾದ ರೂಪಗಳು ನಾನೂರು ದಾಟುತ್ತವೆ. ಬೆಂಗಳೂರಿನಲ್ಲಿ ಕೆಲಸ ಮಾಡಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕನ್ನಡದ ಮಕ್ಕಳ ಅಕ್ಷರ ಕಲಿಕೆ ನಾಲ್ಕನೇ ತರಗತಿಯಲ್ಲೂ ಮುಂದುವರಿದಿರುತ್ತದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿದ್ದ ಪ್ರಕಾಶ್ ಪಡಕಣ್ಣಾಯ ಕೂಡ ಭಾರತೀಯ ಲಿಪಿಗಳ ಓದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಮೂರನೇ ತರಗತಿಯ ಮಗು ಉಕ್ತಲೇಖನದಲ್ಲಿ ಒತ್ತು ತಪ್ಪಿಸಿದೊಡನೆ ಗಾಬರಿಪಡಬೇಕಿಲ್ಲ. ಓರಗೆಯವರಿಗೆಲ್ಲ ಸರಾಗವಾದ ಮೇಲೂ 'ಅಕ್ಕ' 'ಅಕ' ಆಗಿಯೇ ಉಳಿದು, ಪ್ರತಿ ಸಾಲೂ ತಡವರಿಸುತ್ತಿದ್ದರೆ ಅಲಕ್ಷ್ಯ ಮಾಡುವಂತಿಲ್ಲ. ಈ ಎರಡರ ನಡುವಿನ ಗೆರೆಯನ್ನು ಇಂಗ್ಲಿಷ್ ಸ್ಪೆಲ್ಲಿಂಗ್ ಪರೀಕ್ಷೆಯಿಂದ ಎಳೆಯಲಾಗದು. ಮನೆಯಲ್ಲಿ ಕನ್ನಡ ಆಡಿ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಮಗುವಿಗೆ ಭಾಷೆ ಹೊಸದೋ, ಓದೇ ಕಷ್ಟವೋ ಎಂದು ತಿಳಿಯಬೇಕಾದರೆ ಅದರ ಮನೆಮಾತಿನಲ್ಲೂ ಪರೀಕ್ಷಿಸಲೇಬೇಕು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡು 2015ರಲ್ಲಿ ಬಂದ 'ಡಾಲಿ' ಪರೀಕ್ಷೆಯಲ್ಲಿ ಕನ್ನಡವೂ ಇರುವುದು ಈ ಕಾರಣಕ್ಕೇ ದೊಡ್ಡ ಹೆಜ್ಜೆ.

ಇನ್ನು ಕಾನೂನಿನ ಮಾತು: ಭಾರತದ 1995ರ ಅಂಗವಿಕಲರ ಕಾಯ್ದೆಯಲ್ಲಿ ಈ ಮಕ್ಕಳಿಗೆ ಜಾಗವಿರಲಿಲ್ಲ. 2016ರ ಕಾಯ್ದೆ 21 ಬಗೆಯ ವೈಕಲ್ಯಗಳ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಸೇರಿಸಿತು. 2018ರ ಮಾರ್ಗಸೂಚಿ ನ್ಯೂನತೆಯ ಪತ್ತೆಗೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಸಾಧನವನ್ನು ಹೆಸರಿಸಿತು. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಸಿಗುತ್ತದೆ. ಅದು ಮಕ್ಕಳ ಹಕ್ಕು, ಸಿಗಲೇಬೇಕು. ಆದರೆ ಹೆಚ್ಚುವರಿ ಸಮಯ ಓದು ಕಲಿಸುವುದಿಲ್ಲ. ಎರಡನೇ ತರಗತಿಯಲ್ಲೇ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು, ಪದವನ್ನು ಧ್ವನಿಗಳಾಗಿ ಬಿಡಿಸಿ, ಒಂದೊಂದೇ ಗುಣಿತಾಕ್ಷರವನ್ನು ಬೆರಳಿನಿಂದ ತಿದ್ದಿಸುವುದಕ್ಕೆ ತರಬೇತಾದ ಶಿಕ್ಷಕರು ಬೇಕು. ಆ ತರಬೇತಿ ನಗರದ ಕೆಲವು ಶಾಲೆಗಳನ್ನು ದಾಟಿ ತಾಲ್ಲೂಕಿನ ಸರ್ಕಾರಿ ಶಾಲೆಗೆ ತಲುಪುವ ಕೆಲಸ ಇನ್ನೂ ಬಾಕಿಯಿದೆ.