ಸ್ಯಾಮ್ ಅಂಡ್ ಡೇವ್: ಹೆಸರು ಒಂದು, ಹಾದಿ ಎರಡು

ಅಮೆರಿಕದ ಸೋಲ್ ಸಂಗೀತದಲ್ಲಿ ‘ಸ್ಯಾಮ್ ಅಂಡ್ ಡೇವ್’ ಎಂದೇ ಖ್ಯಾತರಾದ ಗಾಯಕದ್ವಯ ಸ್ಯಾಮ್ ಮೂರ್ (1935–2025) ಮತ್ತು ಡೇವ್ ಪ್ರೇಟರ್ (1937–1988). ಚರ್ಚ್‌ನ ಗಾಸ್ಪೆಲ್ ಗಾಯನದಲ್ಲಿ ಪಳಗಿದ್ದ ಇಬ್ಬರೂ 1961ರಲ್ಲಿ ಮಯಾಮಿಯ ಕ್ಲಬ್ಬೊಂದರಲ್ಲಿ ಜೊತೆಗೂಡಿದರು. ಮೂರ್ ಅವರದು ತಾರಸ್ಥಾಯಿಯ ಕಂಠ, ಪ್ರೇಟರ್ ಅವರದು ತುಸು ತಗ್ಗಿನ, ಗಡಸು ಧ್ವನಿ. ಒಬ್ಬರು ಎತ್ತಿದ ಸಾಲಿಗೆ ಇನ್ನೊಬ್ಬರು ಮರುಕ್ಷಣವೇ ಉತ್ತರ ಕೊಡುವುದು ಈ ಜೋಡಿಯ ಗಾಯನದ ಜೀವಾಳವಾಗಿತ್ತು.

1966ರ ‘ಹೋಲ್ಡ್ ಆನ್, ಐಯಾಮ್ ಕಮಿನ್’ ಮತ್ತು ಗ್ರ್ಯಾಮಿ ಪ್ರಶಸ್ತಿ ಗಳಿಸಿದ 1967ರ ‘ಸೋಲ್ ಮ್ಯಾನ್’ ಗೀತೆಗಳಿಂದ ಇವರು ಮನೆಮಾತಾದರು. ಅನಂತರದ ಹಾದಿ ಮಾತ್ರ ಅಷ್ಟು ಸುಗಮವಾಗಿರಲಿಲ್ಲ.

ಮೆಂಫಿಸ್ ಕೈತಪ್ಪಿದಾಗ

ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದುದು ಅಟ್ಲಾಂಟಿಕ್ ಕಂಪನಿಯೊಂದಿಗೆ. ಆದರೆ ಹಾಡುತ್ತಿದ್ದುದು ಮೆಂಫಿಸ್ ನಗರದ ಸ್ಟ್ಯಾಕ್ಸ್ ಸ್ಟುಡಿಯೊದಲ್ಲಿ. ಅಲ್ಲಿ ಐಸಾಕ್ ಹೇಯ್ಸ್ ಮತ್ತು ಡೇವಿಡ್ ಪೋರ್ಟರ್ ಇವರ ಕಂಠಕ್ಕೆ ತಕ್ಕಂತೆ ಹಾಡು ರಚಿಸುತ್ತಿದ್ದರು, ಸ್ಟುಡಿಯೊದ್ದೇ ವಾದ್ಯವೃಂದವಿತ್ತು. 1968ರಲ್ಲಿ ಎರಡು ಸಂಸ್ಥೆಗಳ ಒಪ್ಪಂದ ಮುರಿದುಬಿದ್ದು ಜೋಡಿ ಅಟ್ಲಾಂಟಿಕ್‌ಗೆ ಮರಳಿತು. ಕಂಠಗಳು ಅವೇ ಇದ್ದವು, ಆದರೆ ಮೊದಲಿನ ಯಶಸ್ಸು ಮರುಕಳಿಸಲಿಲ್ಲ.

1970ರಲ್ಲಿ ಇಬ್ಬರೂ ಬೇರೆಯಾದರು. ಮೂರ್ ಅವರ ಏಕವ್ಯಕ್ತಿ ಆಲ್ಬಮ್ ನಿರ್ಮಿಸುತ್ತಿದ್ದ ಸ್ಯಾಕ್ಸೊಫೋನ್ ವಾದಕ ಕಿಂಗ್ ಕರ್ಟಿಸ್ 1971ರ ಆಗಸ್ಟ್‌ನಲ್ಲಿ ಕೊಲೆಯಾದರು. ‘ಪ್ಲೆಂಟಿ ಗುಡ್ ಲವಿನ್’ ಎಂಬ ಆ ಆಲ್ಬಮ್ ಕೇಳುಗರನ್ನು ತಲುಪಿದ್ದು 2002ರಲ್ಲಿ. 1971ರಲ್ಲೇ ಮತ್ತೆ ಒಂದಾದ ಜೋಡಿ 1975ರಲ್ಲಿ ಸ್ಟೀವ್ ಕ್ರಾಪರ್ ನಿರ್ಮಾಣದ ‘ಬ್ಯಾಕ್ ಅಟ್ ಚಾ’ ಆಲ್ಬಮ್ ಹೊರತಂದಿತು.

ವೇದಿಕೆಯಲ್ಲಿ ಜೋಡಿ, ಹೊರಗೆ ಮೌನ

ವೇದಿಕೆಯ ಹೊರಗೆ ಹತ್ತಕ್ಕೂ ಹೆಚ್ಚು ವರ್ಷ ತಮ್ಮಿಬ್ಬರ ನಡುವೆ ಮಾತುಕತೆ ಇರಲಿಲ್ಲವೆಂದು ಮೂರ್ ನಂತರ ಹೇಳಿಕೊಂಡಿದ್ದರು. ಆದರೂ ದೀಪ ಬೆಳಗಿದೊಡನೆ ಅದೇ ಪ್ರಶ್ನೋತ್ತರ, ಅದೇ ಬೆವರು, ಅದೇ ಕುಣಿತ. ಬ್ಲೂಸ್ ಬ್ರದರ್ಸ್ ತಂಡ ‘ಸೋಲ್ ಮ್ಯಾನ್’ ಗೀತೆಯನ್ನು ಮತ್ತೆ ಹಾಡಿ ಜನಪ್ರಿಯಗೊಳಿಸಿದಾಗ ಮೂಲ ಗಾಯಕರಿಗೂ ಬೇಡಿಕೆ ಬಂತು. 1979ರಲ್ಲಿ ಪಂಕ್ ರಾಕ್ ತಂಡ ‘ದ ಕ್ಲ್ಯಾಶ್’ನ ಕಾರ್ಯಕ್ರಮಗಳಲ್ಲಿ ಮೊದಲು ವೇದಿಕೆಗೆ ಬರುತ್ತಿದ್ದವರ ಸಾಲಿನಲ್ಲಿ ಇವರಿದ್ದರು. 1981ರ ಡಿಸೆಂಬರ್ 31ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದದ್ದೇ ಇಬ್ಬರ ಕೊನೆಯ ಜಂಟಿ ಕಛೇರಿ.

ಇನ್ನೊಬ್ಬ ‘ಸ್ಯಾಮ್’

ಮೂರ್ ಮಾದಕ ವ್ಯಸನದಿಂದ ಹೊರಬರುವ ಯತ್ನದಲ್ಲಿದ್ದಾಗ ಪ್ರೇಟರ್ 1982ರಿಂದ ಸ್ಯಾಮ್ ಡೇನಿಯಲ್ಸ್ ಎಂಬ ಗಾಯಕರೊಂದಿಗೆ ಹಳೆಯ ಹೆಸರಿನಲ್ಲೇ ಪ್ರವಾಸ ಮುಂದುವರಿಸಿದರು. ಮೂರ್ ಇದನ್ನು ವಿರೋಧಿಸಿದರು. 1985ರಲ್ಲಿ ಹೊಸ ಜೋಡಿಯ ಧ್ವನಿಮುದ್ರಿಕೆ ಹೊರಬಂದಾಗ ಆಕ್ಷೇಪದ ಬಳಿಕ ‘ದ ನ್ಯೂ ಸ್ಯಾಮ್ ಅಂಡ್ ಡೇವ್ ರೆವ್ಯೂ’ ಎಂಬ ಹೆಸರು ಬಳಸಲಾಯಿತು. 1988ರ ಏಪ್ರಿಲ್ 3ರಂದು ಅಟ್ಲಾಂಟದಲ್ಲಿ ಸ್ಟ್ಯಾಕ್ಸ್ ಕಲಾವಿದರ ಪುನರ್ಮಿಲನದಲ್ಲಿ ಹಾಡಿದ ಪ್ರೇಟರ್, ಆರೇ ದಿನಗಳ ಬಳಿಕ ಜಾರ್ಜಿಯದಲ್ಲಿ ಕಾರು ಅಪಘಾತದಲ್ಲಿ ನಿಧನರಾದರು. ರಾಜಿಯ ಅವಕಾಶವೂ ಅಲ್ಲಿಗೆ ಮುಗಿಯಿತು. 1992ರಲ್ಲಿ ಜೋಡಿಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನ ಗೌರವ ಸಂದಾಗ ಉಳಿದಿದ್ದವರು ಒಬ್ಬರೇ.

ಮೂರ್ ಅವರ ಎರಡನೇ ಇನ್ನಿಂಗ್ಸ್

ಮೂರ್ ಮುಂದೆ ಬೇರೆ ಬೇರೆ ಕಂಠಗಳಿಗೆ ಜೊತೆಯಾದರು. 1986ರಲ್ಲಿ ಲೂ ರೀಡ್ ಜೊತೆ ‘ಸೋಲ್ ಮ್ಯಾನ್’ ಹಾಡಿದರು. ಕಂಟ್ರಿ ಗಾಯಕ ಕಾನ್ವೇ ಟ್ವಿಟ್ಟಿ ಅವರೊಂದಿಗೆ ಹಾಡಿದ ‘ರೇನಿ ನೈಟ್ ಇನ್ ಜಾರ್ಜಿಯ’ 1994ರಲ್ಲಿ, ಟ್ವಿಟ್ಟಿ ನಿಧನದ ನಂತರ ಬಿಡುಗಡೆಯಾಯಿತು. 2006ರಲ್ಲಿ ‘ಓವರ್‌ನೈಟ್ ಸೆನ್ಸೇಷನಲ್’ ಆಲ್ಬಮ್ ಬಂತು. 2022ರಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಸೋಲ್ ಗೀತೆಗಳ ಆಲ್ಬಮ್‌ನ ಎರಡು ಹಾಡುಗಳಲ್ಲಿ ಮೂರ್ ಕಂಠವಿದೆ. 2019ರಲ್ಲಿ ಸ್ಯಾಮ್ ಅಂಡ್ ಡೇವ್‌ಗೆ ಗ್ರ್ಯಾಮಿ ಜೀವಮಾನ ಸಾಧನೆ ಗೌರವ ಸಂದಿತು. 2025ರ ಜನವರಿ 10ರಂದು ಫ್ಲಾರಿಡದಲ್ಲಿ ಮೂರ್ ಕೊನೆಯುಸಿರೆಳೆದರು. ಅವರಿಗೆ 89 ವರ್ಷವಾಗಿತ್ತು.

ಎಪ್ಪತ್ತರ ದಶಕದಲ್ಲಿ ಹಳೆಯ ಯಶಸ್ವಿ ಗೀತೆಗಳನ್ನೇ ಜೋಡಿ ಮತ್ತೆ ಧ್ವನಿಮುದ್ರಿಸಿತ್ತು. ಆದ್ದರಿಂದ ಮೆಂಫಿಸ್ ದಿನಗಳ ಮೂಲ ಗಾಯನವನ್ನು ಅರಸುವವರು ಹಾಡಿನ ಹೆಸರಿನೊಂದಿಗೆ ಧ್ವನಿಮುದ್ರಣದ ವರ್ಷವನ್ನೂ ನೋಡಿಕೊಳ್ಳುವುದು ಒಳಿತು.