ಜಲವರ್ಣ ಮತ್ತು ಶಾಯಿಯ ನಿತ್ಯಚಿತ್ರಣ: ಕೃಷ್ಣಾ–ಘಟಪ್ರಭಾ ಸೀಮೆ

ದಿನಕ್ಕೊಂದು ಪುಟದಂತೆ ಕಣ್ಣೆದುರಿನ ಸ್ಥಳ, ವಸ್ತು, ಮನುಷ್ಯರನ್ನು ಶಾಯಿಯ ಗೆರೆಯಲ್ಲಿ ಹಿಡಿದು, ಅದರ ಮೇಲೆ ತೆಳುವಾಗಿ ಜಲವರ್ಣ ಹಾಯಿಸುವ ಅಭ್ಯಾಸ. ಸಣ್ಣ ಸ್ಕೆಚ್‌ಬುಕ್, ಪೆನ್ನು, ಹತ್ತು ಹನ್ನೆರಡು ಬಣ್ಣಗಳ ಪೆಟ್ಟಿಗೆ, ಒಂದೆರಡು ಕುಂಚ, ಡಬ್ಬಿಯಲ್ಲಿ ನೀರು ಇದ್ದರೆ ಸರಂಜಾಮು ಮುಗಿಯಿತು. ಪ್ರದರ್ಶನಕ್ಕಿಡುವ ಚಿತ್ರ ಇದರ ಗುರಿಯಲ್ಲ. ಕಣ್ಣು ಕಂಡದ್ದನ್ನು ಕೈ ತಡವರಿಸದೆ ಇಳಿಸುವಂತಾಗಬೇಕು, ಬಣ್ಣ-ಕಾಗದ-ಶಾಯಿಗಳ ಸ್ವಭಾವ ಬಳಕೆಯಿಂದಲೇ ತಿಳಿಯಬೇಕು ಎಂಬುದು ಗುರಿ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಭಾಗದಲ್ಲಿ ಒಣ ಹವೆ, ಕೊಳವೆಬಾವಿಯ ಗಡಸು ನೀರು, ಕಣ್ಣು ಕುಕ್ಕುವ ಬಿಸಿಲು ಇವೆಲ್ಲ ಸೇರಿ ಈ ಅಭ್ಯಾಸಕ್ಕೆ ಬೇರೆಯೇ ನಿಯಮಗಳನ್ನು ಹಾಕುತ್ತವೆ. ಜಲವರ್ಣದ ಪ್ರಸಿದ್ಧ ಕೈಪಿಡಿಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನಂಥ ತೇವದ ನಾಡಿನಲ್ಲಿ ಹುಟ್ಟಿದವು. ಅವುಗಳ ಮಾತನ್ನು ಏಪ್ರಿಲ್ ತಿಂಗಳ ಜಮಖಂಡಿಯಲ್ಲಿ ಅಕ್ಷರಶಃ ಪಾಲಿಸಹೊರಟವರಿಗೆ ಬಣ್ಣ ಕೈಗೆ ಸಿಗುವುದಿಲ್ಲ. ಸಾಮಗ್ರಿಯನ್ನು ಇಲ್ಲಿಯೇ, ಇಲ್ಲಿನ ನೀರು-ಬಿಸಿಲಿನಲ್ಲೇ ಪರೀಕ್ಷಿಸಿಕೊಳ್ಳಬೇಕೆನ್ನುವುದು ಇದೇ ಕಾರಣಕ್ಕೆ.

ಹಿನ್ನೆಲೆ

ಇದೇ ಜಿಲ್ಲೆಯ ಬಾದಾಮಿಯಲ್ಲಿ, ಕ್ರಿ.ಶ. 578ರಲ್ಲಿ ಪೂರ್ಣಗೊಂಡ ಮೂರನೆಯ ಗುಹೆಯಲ್ಲಿ ಗಾರೆಯ ಮೇಲೆ ಬರೆದ ವರ್ಣಚಿತ್ರಗಳ ತುಣುಕುಗಳು ಉಳಿದಿವೆ. ಬಾಂಬೆಯ ಕಲಾವಿದ ಜೆ.ಎಂ. ಅಹಿವಾಸಿ ಅವುಗಳನ್ನು ನಕಲು ಮಾಡಿ ದಾಖಲಿಸಿದರು. ಕಾಗದ ಮತ್ತು ಶಾಯಿಯ ಕೆಲಸ ಈ ಸೀಮೆಗೆ ಮುಖ್ಯವಾಗಿ ಅಳತೆಯ ನಕ್ಷೆಯ ರೂಪದಲ್ಲಿ ಬಂದಿತು. ವಿಜಾಪುರದ ಕಟ್ಟಡಗಳ ರೇಖಾಚಿತ್ರಗಳಿದ್ದ ದೊಡ್ಡ ಸಂಪುಟವೊಂದು 1859ರಲ್ಲಿ ಪ್ರಕಟವಾಯಿತು. ಕ್ಯಾಪ್ಟನ್ ಹಾರ್ಟ್ ಮತ್ತು ಎ. ಕಮಿಂಗ್ ಜೊತೆಗೆ ದೇಶೀಯ ನಕ್ಷೆಗಾರರೂ ಅದಕ್ಕೆ ದುಡಿದರು. ಇಬ್ಬರು ಇಂಗ್ಲಿಷರ ಹೆಸರು ಪುಸ್ತಕದ ಮೇಲೆ ಅಚ್ಚಾಯಿತು, ನಕ್ಷೆಗಾರರದು ಆಗಲಿಲ್ಲ. ನಮ್ಮ ಭಾಗದ ಗೆರೆಯ ಇತಿಹಾಸದಲ್ಲಿ ಇದು ತುಂಬದ ಖಾಲಿ ಜಾಗ.

1948ರವರೆಗೆ ಈ ಪ್ರದೇಶ ಜಮಖಂಡಿ, ಮುಧೋಳ, ಸಾಂಗಲಿ ಸಂಸ್ಥಾನಗಳಲ್ಲೂ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲೂ ಹಂಚಿಹೋಗಿತ್ತು. 1956ರ ತನಕ ಮುಂಬಯಿ ರಾಜ್ಯದ ಭಾಗ. ಆದ್ದರಿಂದ ಇಲ್ಲಿನ ಕಲಾಶಿಕ್ಷಣದ ದಾರಿ ಮೈಸೂರಿಗೆ ಹೋಗದೆ 1857ರಲ್ಲಿ ಆರಂಭವಾದ ಮುಂಬಯಿಯ ಜೆ.ಜೆ. ಕಲಾಶಾಲೆಯ ಕಡೆಗೆ ಹೋಯಿತು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ ಕಟ್ಟಿದ ಕಲಾಶಾಲೆಗಳು ಆ ಪಾಠವನ್ನು ಕನ್ನಡದ ಮಕ್ಕಳಿಗೆ ಹತ್ತಿರ ತಂದವು. ಜೆ.ಜೆ. ಪರಂಪರೆಯ ಪಾರದರ್ಶಕ ಜಲವರ್ಣ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಸಾಕ್ಷಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆ: ದೀಪ ಹಿಡಿದ ಹೆಣ್ಣಿನ ಚಿತ್ರ. ಅದನ್ನು ರವಿವರ್ಮನದೆಂದು ಹಲವರು ನಂಬಿದ್ದಾರೆ. ಬರೆದವರು ಸಾವಂತವಾಡಿಯ ಎಸ್.ಎಲ್. ಹಳದಣಕರ್, 1940ರ ದಶಕದಲ್ಲಿ, ತೈಲದಲ್ಲಲ್ಲ, ಜಲವರ್ಣದಲ್ಲಿ. ಹಳೆಯ ಮೈಸೂರಿನ ಕಡೆ ಕೆ. ವೆಂಕಟಪ್ಪ (1886–1965) ಊಟಿ, ಕೊಡೈಕನಾಲ್‌ಗಳ ಮಂಜು-ಬೆಳಕನ್ನು ಜಲವರ್ಣದಲ್ಲಿ ಹಿಡಿದರು, ದಿನಚರಿಯನ್ನೂ ನಿಷ್ಠೆಯಿಂದ ಬರೆದಿಟ್ಟರು. ಶಾಯಿಯ ಗೆರೆಗೆ ಕನ್ನಡದಲ್ಲಿ ಎರಡು ದೊಡ್ಡ ಮಾದರಿಗಳಿವೆ. ಒಂದು, ಕೆ.ಕೆ. ಹೆಬ್ಬಾರರ ನರ್ತಿಸುವ ರೇಖೆ. ಇನ್ನೊಂದು, ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ತಮ್ಮ ‘ಹಸುರು ಹೊನ್ನು’ ಪುಸ್ತಕಕ್ಕೆ ತಾವೇ ಬರೆದುಕೊಂಡ ಚಿತ್ರಗಳು. ಅಲಂಕಾರಕ್ಕಲ್ಲದೆ ಗುರುತು ಹಿಡಿಯಲು ಎಳೆದ ಗೆರೆಯಲ್ಲೂ ಚೆಲುವಿರುತ್ತದೆ ಎಂಬುದನ್ನು ಸ್ವಾಮಿಯವರ ಎಲೆ-ಹೂಗಳಿಂದ ಕಲಿಯಬಹುದು.

ಈ ತಾಲ್ಲೂಕುಗಳಲ್ಲಿ ಬಹುಪಾಲು ಜನ ಮೊದಲ ಸಲ ಜಲವರ್ಣ ಮುಟ್ಟುವುದು ಶಾಲೆಯಲ್ಲಿ, ಡ್ರಾಯಿಂಗ್ ಮಾಸ್ತರರ ಕೈಕೆಳಗೆ. ರಾಜ್ಯ ಪರೀಕ್ಷಾ ಮಂಡಳಿಯ ಲೋವರ್ ಗ್ರೇಡ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳಿಗೆಂದು ಹೂಜಿ, ಬಾಳೆಹಣ್ಣು, ದಾಸವಾಳದ ಟೊಂಗೆ ಬರೆದು ಬಣ್ಣ ತುಂಬುತ್ತಾರೆ. ಪರೀಕ್ಷೆ ಮುಗಿದ ಮೇಲೆ ಬಣ್ಣದ ಪೆಟ್ಟಿಗೆ ಅಟ್ಟ ಸೇರುತ್ತದೆ. ನಿತ್ಯಚಿತ್ರಣ ಎಂದರೆ ಬಹಳ ಮಟ್ಟಿಗೆ ಆ ಪೆಟ್ಟಿಗೆಯನ್ನು ಮತ್ತೆ ಇಳಿಸುವ ಕೆಲಸ.

ರಬಕವಿ-ಬನಹಟ್ಟಿಯಂಥ ನೇಕಾರರ ಊರುಗಳಿಗೆ ಇನ್ನೊಂದು ಬೇರಿದೆ. ಜಕಾರ್ಡ್ ಮಗ್ಗದ ಸೆರಗು, ಅಂಚುಗಳ ವಿನ್ಯಾಸವನ್ನು ಮೊದಲು ಗ್ರಾಫ್ ಕಾಗದದ ಮೇಲೆ ಬಣ್ಣದಲ್ಲಿ ತುಂಬುವುದು ರೂಢಿ. ಉದ್ದ ಸಾಲಿನ ಚೌಕ ಹಾಸಿನ ಎಳೆ, ಅಡ್ಡ ಸಾಲಿನ ಚೌಕ ಹೊಕ್ಕಿನ ಎಳೆ. ತುಂಬಿದ ಚೌಕ ನೋಡಿ ಕಾರ್ಡಿಗೆ ತೂತು ಹೊಡೆಯುತ್ತಾರೆ. ಒಂದು ಚೌಕ ತಪ್ಪಿದರೆ ಸೀರೆಯುದ್ದಕ್ಕೂ ಹೂವಿನ ದಳ ತಪ್ಪುತ್ತದೆ. ಈಗ ಕಂಪ್ಯೂಟರ್ ಬಂದಿದ್ದರೂ ಹಾಗೆ ಪಳಗಿದ ಕೈ ಮತ್ತು ಪಕ್ಕಪಕ್ಕದ ಬಣ್ಣಗಳನ್ನು ತೂಗುವ ಕಣ್ಣು ಚಿತ್ರಕಲೆಯ ದೊಡ್ಡ ಆಸ್ತಿ.

ದೇಶಾಂತರದಲ್ಲಿ ಸ್ಥಳದಲ್ಲೇ ಕೂತು ಬರೆಯುವ ಅಭ್ಯಾಸ ಚಳವಳಿಯ ರೂಪ ಪಡೆದದ್ದು ಅಮೆರಿಕದ ಸಿಯಾಟಲ್‌ನ ಪತ್ರಿಕಾ ಚಿತ್ರಕಾರ ಗೇಬ್ರಿಯಲ್ ಕಂಪನಾರಿಯೊ 2007ರಲ್ಲಿ ಆರಂಭಿಸಿದ ಅರ್ಬನ್ ಸ್ಕೆಚರ್ಸ್‌ನಿಂದ.

ನೀರು, ಗಾಳಿ, ಬಿಸಿಲು

ಇಲ್ಲಿ ವರ್ಷದ ಮಳೆ 600 ಮಿಲಿಮೀಟರಿಗೂ ಕಡಿಮೆ, ಬೇಸಿಗೆಯ ಹಗಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಒದ್ದೆ ಹಾಳೆಯ ಮೇಲೆ ಒದ್ದೆ ಬಣ್ಣ ಬಿಟ್ಟು ಅದು ತಾನಾಗಿ ಹರಡಲು ಕಾಯುವ ವಿಧಾನಕ್ಕೆ ಇದು ಕಠಿಣ ಹವೆ; ಆಕಾಶ ಬರೆದು ಮುಗಿಸುವ ಮೊದಲೇ ಒಂದು ಅಂಚು ಒಣಗಿ ಗೆರೆ ಕಟ್ಟುತ್ತದೆ. ಬೆಳಗಿನ ಒಂಬತ್ತರೊಳಗೆ ಕೂರುವುದು, ಹಾಳೆಯ ಎರಡೂ ಬದಿ ನೆನೆಸಿ ಪ್ಲಾಸ್ಟಿಕ್ ಹಲಗೆಯ ಮೇಲೆ ಅಂಟಿಸಿಕೊಳ್ಳುವುದು, 300 ಜಿಎಸ್‌ಎಂ ತೂಕದ ಹತ್ತಿಯ ಕಾಗದ ಬಳಸುವುದು ಪರಿಹಾರಗಳು. ನೀರಿಗೆ ಒಂದೆರಡು ಹನಿ ಗ್ಲಿಸರಿನ್ ಹಾಕಿದರೆ ಒಣಗುವುದು ನಿಧಾನವಾಗುತ್ತದೆ. ಮಳೆಗಾಲದಲ್ಲಿ ಅದನ್ನು ಬಿಡಬೇಕು, ಇಲ್ಲವಾದರೆ ಪುಟಗಳು ಒಂದಕ್ಕೊಂದು ಅಂಟುತ್ತವೆ. ಒಣ ಹವೆಯಿಂದ ಲಾಭವೂ ಇದೆ. ಶಾಯಿ ಬೇಗ ಆರುತ್ತದೆ, ಒಂದರ ಮೇಲೊಂದು ಮೂರು ನಾಲ್ಕು ತೆಳು ಪದರ ಹಾಯಿಸುವ ಕೆಲಸ ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ಈ ಸೀಮೆಯ ಚಿತ್ರಕಾರ ಹರಿವಿನ ವಿಧಾನಕ್ಕೆ ಹೆಣಗುವುದಕ್ಕಿಂತ ಪದರದ ವಿಧಾನವನ್ನು ತನ್ನದಾಗಿಸಿಕೊಳ್ಳುವುದು ಜಾಣತನ. ಇಲ್ಲಿನ ನೆರಳುಗಳ ಅಂಚೇ ಅಷ್ಟು ಚೂಪು, ಅದಕ್ಕೆ ಪದರದ ವಿಧಾನವೇ ಒಪ್ಪುತ್ತದೆ.

ನೇರ ಬಿಸಿಲಿನಲ್ಲಿ ಹಾಳೆ ಇಟ್ಟುಕೊಂಡರೆ ಬಿಳುಪು ಕಣ್ಣಿಗೆ ಹೊಡೆಯುತ್ತದೆ. ಹಾಕಿದ ಬಣ್ಣ ತೆಳುವೆನಿಸಿ ಇನ್ನಷ್ಟು ಹಾಕುತ್ತೇವೆ. ಮನೆಯೊಳಗೆ ತಂದು ನೋಡಿದಾಗ ಚಿತ್ರ ಕಪ್ಪಿಟ್ಟಿರುತ್ತದೆ. ಬೇವಿನ ಮರದ ಅಥವಾ ಕಟ್ಟೆಯ ನೆರಳು ಹುಡುಕಿಕೊಳ್ಳುವುದು ಸೌಕರ್ಯಕ್ಕೆ ಮಾತ್ರವಲ್ಲ, ಬಣ್ಣದ ಲೆಕ್ಕಕ್ಕೂ ಬೇಕು. ಗಡಸು ನೀರಿನ ಲವಣ ಕೆಲವು ಬಣ್ಣಗಳನ್ನು ಸಣ್ಣ ಗಂಟುಗಳಾಗಿ ಒಡೆಯಬಲ್ಲದು. ಕುಡಿಯುವ ನೀರಿನ ಘಟಕದಿಂದ ತಂದ ನೀರನ್ನೂ ಕೊಳವೆಬಾವಿಯ ನೀರನ್ನೂ ಬೇರೆ ಬೇರೆ ಬಳಸಿ, ಒಂದೇ ನೀಲಿಯನ್ನು ಪಕ್ಕಪಕ್ಕ ಹಾಯಿಸಿ ನೋಡಿದರೆ ತನ್ನ ಊರಿನ ನೀರು ಹೇಗೆಂದು ಗೊತ್ತಾಗುತ್ತದೆ.

ಸಾಮಗ್ರಿ ಮತ್ತು ಪರೀಕ್ಷೆ

ಬಣ್ಣ ಎಂದರೆ ನುಣುಪಾಗಿ ಅರೆದ ವರ್ಣದ್ರವ್ಯ, ಅದನ್ನು ಹಿಡಿದಿಡುವ ಅಂಟು, ಸ್ವಲ್ಪ ಗ್ಲಿಸರಿನ್ ಅಥವಾ ಜೇನು. ಊರಿನ ಸ್ಟೇಶನರಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಕ್ಯಾಮೆಲ್ ಹೆಸರಿನ ಕೇಕು, ಟ್ಯೂಬು ಮತ್ತು ಪೋಸ್ಟರ್ ಕಲರ್. ಅದರ ತಯಾರಕ ಕ್ಯಾಮ್ಲಿನ್ 1931ರಲ್ಲಿ ಮುಂಬಯಿಯಲ್ಲಿ ಶಾಯಿ ತಯಾರಿಕೆಯಿಂದಲೇ ಆರಂಭವಾದ ಸಂಸ್ಥೆ. ಪೋಸ್ಟರ್ ಕಲರ್ ಅಪಾರದರ್ಶಕ, ಶಾಯಿಯ ಗೆರೆಯನ್ನು ಮುಚ್ಚಿಬಿಡುತ್ತದೆ. ಗೆರೆಯ ಮೇಲೆ ಹಾಯಿಸಲು ಪಾರದರ್ಶಕ ಬಣ್ಣವೇ ಬೇಕು. ಟ್ಯೂಬಿನ ಮೇಲಿನ ಚೆಂದದ ಹೆಸರಿಗಿಂತ ಅದರ ಬೆನ್ನಿನ ಮೇಲೆ ಸಣ್ಣದಾಗಿ ಅಚ್ಚಾದ ವರ್ಣದ್ರವ್ಯದ ಸಂಖ್ಯೆಯನ್ನು ನಂಬಬೇಕು. ಪಿಬಿ 29 ಅಲ್ಟ್ರಾಮರೀನ್ ನೀಲಿ, ಪಿಆರ್ 101 ಕಬ್ಬಿಣದ ಆಕ್ಸೈಡಿನ ಕೆಂಪು, ಪಿವೈ 42 ಹಳದಿ ಮಣ್ಣಿನ ಬಣ್ಣ: ಮೂರೂ ಬಿಸಿಲಿಗೆ ಜಗ್ಗುವುದಿಲ್ಲ. ಅಲಿಜರಿನ್ ಕ್ರಿಮ್ಸನ್ (ಪಿಆರ್ 83) ಮನಸೆಳೆಯುವ ಕೆಂಪು, ಆದರೆ ಬೆಳಕಿಗೆ ಸೋಲುತ್ತದೆ. ಮೊದಲ ಮೂರನ್ನಷ್ಟೇ ಹಿಡಿದು ಒಂದು ವರ್ಷ ಬರೆಯಬಹುದು. ನೀಲಿ ಮತ್ತು ಸುಟ್ಟ ಮಣ್ಣಿನ ಕಂದು ಸೇರಿದರೆ ಎರೆಹೊಲದ ಕಪ್ಪು ಬರುತ್ತದೆ, ಡಬ್ಬಿಯ ಕಪ್ಪಿಗಿಂತ ಅದು ಜೀವಂತ.

ಬಿಸಿಲಿನ ಪರೀಕ್ಷೆಯನ್ನು ಈ ಸೀಮೆಯಷ್ಟು ಕಟ್ಟುನಿಟ್ಟಾಗಿ ಮಾಡಿಕೊಡುವ ಊರು ಕಡಿಮೆ. ಒಂದು ಹಾಳೆಯ ಮೇಲೆ ಎಲ್ಲ ಬಣ್ಣಗಳ ಪಟ್ಟಿ ಎಳೆದು, ಅರ್ಧ ಭಾಗವನ್ನು ದಪ್ಪ ಕಪ್ಪು ಕಾಗದದಿಂದ ಮುಚ್ಚಿ, ನೇರ ಬಿಸಿಲು ಬೀಳುವ ಕಿಟಕಿಗೆ ಅಂಟಿಸಬೇಕು. ಯುಗಾದಿಗೆ ಅಂಟಿಸಿದ್ದನ್ನು ಕಾರಹುಣ್ಣಿಮೆಯ ಹೊತ್ತಿಗೆ ತೆಗೆದರೆ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಮುಚ್ಚಿದ ಭಾಗವೇ ಹೇಳುತ್ತದೆ. ಇದಲ್ಲದೆ, ಒಣಗಿದ ಬಣ್ಣವನ್ನು ಒದ್ದೆ ಕುಂಚದಿಂದ ಎತ್ತಿ ನೋಡಬೇಕು. ಕೆಲವು ಏಳುತ್ತವೆ, ಥಾಲೊ ನೀಲಿಯಂಥವು ಕಾಗದಕ್ಕೆ ಕಚ್ಚಿಕೊಳ್ಳುತ್ತವೆ. ಅಲ್ಟ್ರಾಮರೀನ್ ಕಣಕಣವಾಗಿ ಕಾಗದದ ತಗ್ಗುಗಳಲ್ಲಿ ಕೂರುತ್ತದೆ, ಕಲ್ಲುಗೋಡೆ ಬರೆಯಲು ಅದು ವರ.

ಶಾಯಿಯಲ್ಲಿ ಎರಡು ಜಾತಿ. ಬರವಣಿಗೆಯ ಸಾಮಾನ್ಯ ಶಾಯಿ ಬಣ್ಣದ ದ್ರಾವಣ, ನೀರು ತಾಗಿದೊಡನೆ ಹರಡುತ್ತದೆ. ಕಾಡಿಗೆಯ ಕಣಗಳಿರುವ ಶಾಯಿ ಒಣಗಿದ ಮೇಲೆ ಕದಲುವುದಿಲ್ಲ. ಇಂಡಿಯನ್ ಇಂಕ್ ಎಂದು ಮಾರುವ ಜಲನಿರೋಧಕ ಶಾಯಿಯಲ್ಲಿ ಸಾಮಾನ್ಯವಾಗಿ ಅರಗು ಸೇರಿರುತ್ತದೆ. ಅದನ್ನು ಅದ್ದಿ ಬರೆಯುವ ನಿಬ್ಬಿಗೆ ಮಾತ್ರ ಬಳಸಬೇಕು. ಫೌಂಟನ್ ಪೆನ್ನಿಗೆ ತುಂಬಿದರೆ ಒಳಗೆ ಗಟ್ಟಿಯಾಗಿ ಪೆನ್ನೇ ಹಾಳು. ಹೊಸ ಶಾಯಿ ತಂದಾಗ ಮೂರು ಗೆರೆ ಎಳೆದು, ಒಂದರ ಮೇಲೆ ನಿಮಿಷದ ನಂತರ, ಇನ್ನೊಂದರ ಮೇಲೆ ಹತ್ತು ನಿಮಿಷದ ನಂತರ, ಮೂರನೆಯದರ ಮೇಲೆ ಮರುದಿನ ನೀರಿನ ಕುಂಚ ಆಡಿಸಿದರೆ ಅದರ ಗುಣ ಪೂರ್ತಿ ಹೊರಬರುತ್ತದೆ. ಹರಡುವ ಶಾಯಿಯನ್ನೂ ಎಸೆಯಬೇಕಿಲ್ಲ, ಗೆರೆಯಿಂದಲೇ ನೆರಳು ಎಳೆದುಕೊಳ್ಳಲು ಅದು ಒದಗುತ್ತದೆ.

ಕುಂಚದ ವಿಷಯದಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ಮುಂಗುಸಿ ಕೂದಲಿನ ಕುಂಚದ ವ್ಯಾಪಾರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಆ ಕೂದಲಿಗಾಗಿ ಪ್ರಾಣಿಯನ್ನು ಕೊಲ್ಲುತ್ತಾರೆ. ಬುಡದಲ್ಲಿ ಕಂದು, ನಡುವೆ ಬಿಳಿಚು, ತುದಿಯಲ್ಲಿ ಮತ್ತೆ ಗಾಢವಾಗಿ ಪಟ್ಟೆಯಿರುವ ಕೂದಲು ಕಂಡರೆ ಕೊಳ್ಳಬಾರದು. 8ನೇ ನಂಬರಿನ ಒಳ್ಳೆಯ ಸಿಂಥೆಟಿಕ್ ರೌಂಡ್ ಬ್ರಶ್ ನಿತ್ಯದ ಕೆಲಸಕ್ಕೆ ಧಾರಾಳ ಸಾಕು. ನೀರಲ್ಲಿ ಅದ್ದಿ ಕೊಡವಿದಾಗ ತುದಿ ತಾನಾಗಿ ಚೂಪಾದರೆ ಅದು ಒಳ್ಳೆಯ ಕುಂಚ.

ಕೈಯಿಂದಲೇ ಬಣ್ಣ ಮಾಡಿಕೊಳ್ಳುವವರಿಗೆ ಈ ನೆಲ ಉದಾರಿ. ಹೊಲದ ಬದುವಿನ ಕರಿಜಾಲಿಯ ಅಂಟನ್ನು ರಾತ್ರಿ ನೆನೆಸಿ ಬಟ್ಟೆಯಲ್ಲಿ ಸೋಸಿದರೆ ಬಂಧಕ ಸಿದ್ಧ. ಕೆಮ್ಮಣ್ಣನ್ನು ನೀರಲ್ಲಿ ಕದಡಿ, ಮರಳು ತಳಕ್ಕಿಳಿದ ಮೇಲೆ ಮೇಲಿನ ರಾಡಿ ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಅದು ತಂಗಿ ಒಣಗಿದ ನುಣುಪು ಪುಡಿಯನ್ನು ಅಂಟಿನೊಡನೆ ಗಾಜಿನ ಮೇಲೆ ಅರೆಯಬೇಕು. ಬೂಸು ಹಿಡಿಯದಂತೆ ಒಂದು ಲವಂಗ ಹಾಕಿಡಬಹುದು. ಎರೆಮಣ್ಣಿನಿಂದ ಕಪ್ಪು ಬಣ್ಣ ಮಾಡುವ ಆಸೆ ಮಾತ್ರ ಕೈಗೂಡದು: ನೀರು ಕುಡಿದು ಉಬ್ಬುವ ಆ ಜೇಡಿ, ಒಣಗುವಾಗ ಬೇಸಿಗೆಯ ಹೊಲದಂತೆಯೇ ಹಾಳೆಯ ಮೇಲೂ ಬಿರಿಯುತ್ತದೆ. ಕಪ್ಪಿಗೆ ದೀಪದ ಕಾಡಿಗೆಯೇ ಸರಿ. ಅರಿಸಿನ ವಾರಗಳಲ್ಲಿ ಬಣ್ಣಗೆಡುತ್ತದೆ. ನೂಲಿಗೆ ಹಾಕುವ ಬಣ್ಣದ ಪುಡಿಯೂ ನೀರಲ್ಲಿ ಕರಗಿ ಹೊಳೆಯುತ್ತದೆ, ಹಾಳೆಯ ಮೇಲೆ ಹೆಚ್ಚು ಕಾಲ ನಿಲ್ಲುವುದೆಂದು ನಂಬಲಾಗದು.

ಚಿತ್ರವಸ್ತು

ಜಮಖಂಡಿಯ ರಾಮತೀರ್ಥದ ಅರಮನೆ, ತೇರದಾಳದ ನೇಮಿನಾಥ ಬಸದಿ, ಬೀಳಗಿಯ ಅರೆತ್ತಿನ ಬಾವಿ ಕಲ್ಲು-ನೆರಳಿನ ಪಾಠಕ್ಕೆ ತಕ್ಕವು. ಮುಧೋಳ ನಾಯಿಯ ಆಳವಾದ ಎದೆ, ಒಳಸೇರಿದ ಹೊಟ್ಟೆ, ನೀಳ ಮುಖ ಕುಂಚದ ಒಂದೇ ಎಳೆತಕ್ಕೆ ಹೇಳಿಮಾಡಿಸಿದಂತಿವೆ. ತಿಮ್ಮಾಪುರದಲ್ಲಿ ಆ ತಳಿಗೆಂದೇ ಸಂಶೋಧನಾ ಕೇಂದ್ರವಿದೆ. ಮಗ್ಗದ ಮನೆಯಲ್ಲಿ ಓಡುವ ಲಾಳಿಯನ್ನು ಹಿಡಿಯಹೋಗದೆ ಚೌಕಟ್ಟು ಮತ್ತು ನೇಕಾರರ ಬೆನ್ನಿನ ಬಾಗನ್ನು ಮೊದಲು ಬರೆದುಕೊಳ್ಳಬೇಕು. ಕೃಷ್ಣಾ-ಘಟಪ್ರಭೆ ಕೂಡುವ ಚಿಕ್ಕಸಂಗಮ ಮತ್ತು ಆಲಮಟ್ಟಿಯ ಹಿನ್ನೀರು ತಿಂಗಳಿಗೊಂದು ರೂಪ ತಳೆಯುತ್ತವೆ. ಮಳೆಗಾಲದಲ್ಲಿ ಕಂದು ನೀರು, ಚಳಿಗಾಲದಲ್ಲಿ ನೀಲಿ, ಬೇಸಿಗೆಯಲ್ಲಿ ನೀರು ಸರಿದು ಬಯಲಾದ ನೆಲ.

ಈ ಹಿನ್ನೀರು ಬೀಳಗಿ ಭಾಗದ ಹಳ್ಳಿಗಳನ್ನು ಮುಳುಗಿಸಿದೆ. 2009 ಮತ್ತು 2019ರ ನೆರೆಗಳು ಜಿಲ್ಲೆಯ ನದಿದಂಡೆಯ ಊರುಗಳನ್ನು ನುಗ್ಗುಮಾಡಿವೆ. ಇಲ್ಲಿನ ಹಳೆಯ ಕಟ್ಟೆ, ತೊಲೆಬಾಗಿಲು, ಹಗೇವು, ದಂಡೆಯ ಗುಡಿಗಳ ಚಿತ್ರ ಬರೆದಿಡುವುದು ಹವ್ಯಾಸಕ್ಕೂ ಮೀರಿದ ಊರಿನ ಕೆಲಸ. ಸ್ಥಳಾಂತರಗೊಂಡ ಮನೆತನಗಳ ಹಿರಿಯರನ್ನು ಪಕ್ಕಕ್ಕೆ ಕೂರಿಸಿಕೊಂಡು ಬರೆದರೆ, ಫೋಟೋದಲ್ಲಿ ಬೀಳದ ಎಷ್ಟೋ ವಿವರ ಗೆರೆಗೆ ಬರುತ್ತವೆ.

ರಕ್ಷಣೆ

ಪ್ರತಿ ಪುಟದ ಹಿಂಬದಿ ಊರು, ದಿನಾಂಕ, ಹೊತ್ತು, ಬಳಸಿದ ಬಣ್ಣಗಳ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆಯಬೇಕು; ಬಾಲ್‌ಪೆನ್ನಿನ ಶಾಯಿ ಎದುರು ಬದಿಗೆ ಇಳಿಯಬಲ್ಲದು. ಅಗ್ಗದ ಮರತಿರುಳಿನ ಕಾಗದ ಆಮ್ಲದಿಂದಾಗಿ ಹಳದಿಯಾಗಿ ಪುಡಿಯಾಗುತ್ತದೆ, ಆಮ್ಲರಹಿತ ಎಂದು ನಮೂದಿಸಿದ ಕಾಗದವೇ ದಾಖಲೆಗೆ ತಕ್ಕದ್ದು. ಸ್ಕೆಚ್‌ಬುಕ್‌ಗಳನ್ನು ಮಣ್ಣಿನ ಗೋಡೆಗೆ ತಾಗಿಸಿಡದೆ ತಗಡಿನ ಟ್ರಂಕಿನಲ್ಲಿ, ನೆಲದಿಂದ ಎತ್ತರದಲ್ಲಿಟ್ಟರೆ ಗೆದ್ದಲು ಸುಲಭವಾಗಿ ತಲುಪದು. ಆಶ್ಲೇಷ, ಮಘೆ ಮಳೆ ಕಳೆದ ಮೇಲೆ ಒಮ್ಮೆ ನೆರಳಿನಲ್ಲಿ ಪುಟ ಬಿಡಿಸಿ ಗಾಳಿಗೆ ಹಿಡಿದರೆ ಬೂಸು ಕಟ್ಟುವುದಿಲ್ಲ.