ಗೇರು ಬೀಳದ ಪದ್ಮಿನಿ

ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಹೊರಬಿದ್ದವರಿಗೆ ಒಂದು ಕಾಲದಲ್ಲಿ ಎದುರಾಗುತ್ತಿದ್ದುದು ಕಪ್ಪು-ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿಗಳ ಸಾಲು. ಅವುಗಳ ಗೇರು ಬೀಳುವ 'ಕರ್ರ್' ಸದ್ದು ನಮ್ಮ ಚಾಳಿನವರೆಗೂ ಕೇಳುತ್ತಿತ್ತು. ಈಗ ಆ ಸದ್ದಿಲ್ಲ. ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ ಇಲ್ಲಿಗೆ ಸಮೀಪದ ತಾಡದೇವ್ ಆರ್.ಟಿ.ಒ. ಕಚೇರಿಯಲ್ಲಿ 2003ರ ಅಕ್ಟೋಬರ್ 29ರಂದು ನೋಂದಣಿಯಾಯಿತು. ಇಪ್ಪತ್ತು ವರ್ಷದ ಆಯುಷ್ಯ ಮುಗಿದು 2023ರ ಅಕ್ಟೋಬರ್ 30ರಿಂದ ಅದೂ ರಸ್ತೆಯಿಂದ ಇಳಿಯಿತು. ಆ ಕಾರಿಗಾಗಿ ಕಣ್ಣೀರು ಸುರಿಸಿದವರು ಬಹಳ ಮಂದಿ. ನಾವು ಹೇಳಹೊರಟಿರುವುದು ಅದರ ಸುತ್ತ ಬೆಳೆದ ಒಂದು ವಿದ್ಯೆಯ ಕುರಿತು: ಪೆಟ್ಟಿಗೆ ಬಿಚ್ಚದೆ, ಕಿವಿ ಮತ್ತು ಕಾಲುಗಳಿಂದಲೇ ಗೇರಿನ ರೋಗ ಹಿಡಿಯುವ ವಿದ್ಯೆ.

ಈ ಕಾರಿನ ಪೂರ್ವಕಥೆಯಲ್ಲಿ ಕನ್ನಡಿಗರಿಗೆ ಪಾಲುಂಟು. 1935ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು-ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ಬಂದು, ಮುಂಬಯಿಯಲ್ಲಿ ಮೋಟಾರು ಕಾರ್ಖಾನೆ ತೆರೆಯುವ ಯೋಜನೆ ಸಿದ್ಧಪಡಿಸಿದರು. ಆಗಿನ ಭಾರತ ಸರಕಾರ ಬೆಂಬಲ ಕೊಡಲಿಲ್ಲ. ಆ ಕನಸನ್ನು ಕೈಬಿಡದವರು ವಾಲ್‌ಚಂದ್ ಹೀರಾಚಂದ್. ಕನ್ನಡ ಇಂದಿಗೂ ಕಿವಿಗೆ ಬೀಳುವ ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದವರು. (ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ ಆರಂಭಿಸಿದವರೂ ಇವರೇ.) 1944ರಲ್ಲಿ ಅವರ ಪ್ರೀಮಿಯರ್ ಕಂಪೆನಿ ಹುಟ್ಟಿತು. ಕುರ್ಲಾದಲ್ಲಿ ಮೊದಲು ಅಮೆರಿಕದ ಕ್ರೈಸ್ಲರ್ ಗಾಡಿಗಳು ಜೋಡಣೆಯಾದವು. 1954ರಿಂದ ಇಟಲಿಯ ಫಿಯೆಟ್ 1100 ಬಂತು. 1974ರಲ್ಲಿ ಅದಕ್ಕೆ ಚಿತ್ತೂರಿನ ರಾಣಿ ಪದ್ಮಿನಿಯ ಹೆಸರಿಟ್ಟರು. ಹೆಸರು ಬದಲಾಯಿತು, ಗೇರು ಬದಲಾಗಲಿಲ್ಲ.

ಆ ಗೇರಿನ ಕೋಲು ಇದ್ದುದು ನೆಲದಲ್ಲಲ್ಲ, ಸ್ಟಿಯರಿಂಗಿನ ಪಕ್ಕದಲ್ಲಿ. ಮುಂದಿನ ಉದ್ದ ಸೀಟಿನಲ್ಲಿ ಡ್ರೈವರನಲ್ಲದೆ ಇನ್ನಿಬ್ಬರು ಕೂರಲೆಂದು ಹಬ್ಬಿದ ಪದ್ಧತಿ ಇದು. ಆದರೆ ಗೇರಿನ ಪೆಟ್ಟಿಗೆ ದೂರದಲ್ಲಿ, ಎಂಜಿನ್ನಿನ ಹಿಂದೆ. ನಡುವೆ ಸರಳುಗಳು, ಕೀಲುಗಳು, ಬುಷ್‌ಗಳು. ಇವು ಸವೆದರೆ ಕೋಲು ಜೋಲಾಡುತ್ತದೆ. ಎರಡು ಗೇರುಗಳ ನಡುವೆ ಸಿಕ್ಕಿಹಾಕಿಕೊಳ್ಳುವುದೂ ಉಂಟು. ಆಗ ಡ್ರೈವರು ನಡುಬೀದಿಯಲ್ಲಿ ಇಳಿದು ಬಾನೆಟ್ ಎತ್ತಿ, ಸರಳನ್ನು ಕೈಯಿಂದ ಎಳೆದು ಬಿಡಿಸಿ, ಏನೂ ಆಗದವರಂತೆ ಬಂದು ಕೂರುತ್ತಿದ್ದ ದೃಶ್ಯ ನಮ್ಮ ವಯಸ್ಸಿನ ಮುಂಬಯಿಕರರೆಲ್ಲ ಕಂಡದ್ದೇ. ಪೆಟ್ಟಿಗೆಯೊಳಗೆ ದೋಷವೇ ಇರುತ್ತಿರಲಿಲ್ಲ.

ಇನ್ನೊಂದು ಸಂಗತಿ. ಹಲ್ಲುಗಳ ವೇಗವನ್ನು ಮೊದಲೇ ಹೊಂದಿಸಿ ಸದ್ದಿಲ್ಲದೆ ಕೂಡಿಸುವ ಹಿತ್ತಾಳೆ ಉಂಗುರದ ಏರ್ಪಾಡಿಗೆ ಸಿಂಕ್ರೊಮೆಶ್ ಎಂದು ಹೆಸರು. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಮೊದಲು ಬಂತು. ಪದ್ಮಿನಿಯಲ್ಲಿ ಎರಡು, ಮೂರು, ನಾಲ್ಕನೆಯ ಗೇರುಗಳಿಗೆ ಅದಿತ್ತು, ಮೊದಲನೆಯದಕ್ಕಿರಲಿಲ್ಲ. ಆದ್ದರಿಂದ ಗಾಡಿ ಪೂರ್ತಿ ನಿಲ್ಲುವ ಮೊದಲೇ ಒಂದನೆಯ ಗೇರು ತಳ್ಳಿದರೆ ಅದು ಕಿರುಚುವುದೇ ಸೈ. ಅದು ರೋಗವಲ್ಲ, ಸ್ವಭಾವ. ಓಡುವಾಗ ಎರಡನೆಯದಕ್ಕೆ ಮಾತ್ರ ಕಿರುಚಿದರೆ ಅದು ರೋಗ: ಆ ಗೇರಿನ ಉಂಗುರ ಸವೆದಿದೆ. ಎಣ್ಣೆ ಇಳಿಸಿ ನೋಡಿದರೆ ಹಿತ್ತಾಳೆ ಬಣ್ಣದ ಮಿನುಗು ಸಾಕ್ಷಿ ಹೇಳುತ್ತದೆ.

ನಮ್ಮ ಚಾಳಿನಲ್ಲಿ ಕಾರ್ಕಳದ ಕಡೆಯ ಟ್ಯಾಕ್ಸಿಯವರೊಬ್ಬರಿದ್ದರು; ಮಕ್ಕಳಿಗೆಲ್ಲ ಅವರು 'ಮಾಮ'. ಗಾಡಿ ಸ್ವಂತದ್ದಲ್ಲ, ಓಡಲಿ ಬಿಡಲಿ ಮಾಲಿಕನಿಗೆ ದಿನದ ಬಾಡಿಗೆ ಕೊಡಬೇಕು. ಒಂದು ಮಳೆಗಾಲದಲ್ಲಿ ಗಾಡಿ ನಿಂತಿದ್ದಾಗಲೂ ಯಾವ ಗೇರೂ ಸಲೀಸಾಗಿ ಬೀಳದಾಯಿತು. ಒಂದು ಗ್ಯಾರೇಜಿನವರು ಪೆಟ್ಟಿಗೆ ಇಳಿಸಿದರು, ಹಲ್ಲು ಬದಲಿಸಿದರು, ಏರಿಸಿದರು. ನಾಲ್ಕು ದಿನ ಹೋಯಿತು. ಆ ತಿಂಗಳು ಊರಿಗೆ ಮನಿಯಾರ್ಡರ್ ಹೋಗಲಿಲ್ಲ. ಕಿರುಚಾಟ ಮಾತ್ರ ಹಾಗೆಯೇ ಉಳಿಯಿತು.

ಕೊನೆಗೆ ಚೋರ್ ಬಜಾರಿನ ಹಳೆಯ ಬಿಡಿಭಾಗಗಳ ಗಲ್ಲಿಯ ಮುದುಕ ಮಿಸ್ತ್ರಿಯೊಬ್ಬರು ಬಂದರು. ಎಂಜಿನ್ ಚಾಲೂ ಇಟ್ಟು, ಕ್ಲಚ್ ಪೂರ್ತಿ ಒತ್ತಿ, ಹತ್ತು ಎಣಿಸಿ ರಿವರ್ಸ್ ಹಾಕಿದರು. ಕರ್ರ್! ಕ್ಲಚ್ ಸರಿಯಾಗಿ ಬಿಟ್ಟಿದ್ದರೆ ಅಷ್ಟು ಹೊತ್ತಿಗೆ ಒಳಗಿನ ಹಲ್ಲುಗಳು ನಿಂತಿರಬೇಕಿತ್ತು. ನಿಂತಿಲ್ಲವೆಂದರೆ ಎಂಜಿನ್ ಇನ್ನೂ ಎಳೆಯುತ್ತಿದೆ. ಪೆಡಲಿನ ಸಡಿಲು ಸರಿಮಾಡಿದರು, ಅರ್ಧ ಗಂಟೆಯ ಕೆಲಸ. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಮಾರಾಯ" ಎಂದು ಮಾಮ ಚಾಳಿಗೆ ಬಂದು ತಲೆ ಚಚ್ಚಿಕೊಂಡರು.

ಆ ಮಿಸ್ತ್ರಿಗಳಿಗೆ ಓದು ಬರೆಹ ಇರಲಿಲ್ಲ. ಬಿ.ಎಸ್ಸಿ. ಮುಗಿಸಿ ಸರಕಾರಿ ಕಡತ ತಿರುವುವ ನಮಗೆ ಅವರ ತರ್ಕ ಪ್ರಯೋಗಶಾಲೆಯದ್ದೇ ಎನಿಸುತ್ತದೆ. ನ್ಯೂಟ್ರಲಿನಲ್ಲಿ ಗುರುಗುಟ್ಟುವ ಸದ್ದು ಪೆಡಲ್ ಒತ್ತಿದೊಡನೆ ನಿಂತರೆ ದೋಷ ಪೆಟ್ಟಿಗೆಯ ಬೇರಿಂಗಿನಲ್ಲಿ. ಒತ್ತಿದಾಗಲೇ ಹುಟ್ಟಿದರೆ ಕ್ಲಚ್ಚಿನ ಬೇರಿಂಗಿನಲ್ಲಿ. ಕೆಂಪ್ಸ್ ಕಾರ್ನರಿನ ಏರಿನಲ್ಲಿ ಎಂಜಿನ್ ಮೊರೆದರೂ ಗಾಡಿ ಏರದಿದ್ದರೆ ಕ್ಲಚ್ ಪ್ಲೇಟು ಸವೆದಿದೆ, ಇಲ್ಲವೆ ಎಣ್ಣೆ ಕುಡಿದಿದೆ. ಎಲ್ಲಕ್ಕಿಂತ ಜಾಣ ಪರೀಕ್ಷೆ ನಾಲ್ಕನೆಯ ಗೇರಿನದು. ಒಂದು, ಎರಡು, ಮೂರರಲ್ಲಿ ಕೊರೆಯುವ ಸದ್ದು ನಾಲ್ಕರಲ್ಲಿ ಅಡಗಿದರೆ ದೋಷ ಕೆಳಗಿನ ದಂಡದಲ್ಲಿ. ಏಕೆಂದರೆ ನಾಲ್ಕನೆಯದರಲ್ಲಿ ಶಕ್ತಿ ನೇರವಾಗಿ ಮೇಲಿನ ದಂಡದ ಮೂಲಕ ಹಾದುಹೋಗುತ್ತದೆ, ಕೆಳಗಿನದು ಭಾರವಿಲ್ಲದೆ ಸುಮ್ಮನೆ ತಿರುಗುತ್ತದೆ.

ಮಾಮನ ಮಗ ಈಗ ವ್ಯಾಗನ್ ಆರ್ ಟ್ಯಾಕ್ಸಿ ಓಡಿಸುತ್ತಾನೆ. ಮುಂದಿನ ಚಕ್ರಗಳನ್ನು ತಿರುಗಿಸುವ ಆ ಗಾಡಿಯಲ್ಲಿ ಹೀಗೆ ನೇರ ಹಾಯುವ ಗೇರೇ ಇಲ್ಲ, ನಾಲ್ಕನೆಯ ಗೇರಿನ ಪರೀಕ್ಷೆ ನಡೆಯದು. ಪೆಡಲಿನದು ನಡೆಯುತ್ತದೆ. ಮೊನ್ನೆ ನಾನಾ ಚೌಕದ ಬಳಿ ಗಾಡಿ ಗುರುಗುಟ್ಟಿದಾಗ ನ್ಯೂಟ್ರಲ್ ಮಾಡಿ ಕ್ಲಚ್ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಹಿಂದೆ ಕೂತಿದ್ದ ನಾವೂ ಕಿವಿಗೊಟ್ಟೆವು. ಸದ್ದು ನಿಂತಿತು.

"ಒಳಗಿನದ್ದೇ ಅಂಕಲ್, ಈ ಸಲ ಪೆಟ್ಟಿಗೆ ಬಿಚ್ಚಿಸಲೇಬೇಕು" ಎಂದ.